ಬಾರ್ಬರಾ ಸ್ಟಾನ್‌ವಿಕ್ ಕಿರುತೆರೆಗೆ ‘ಇಳಿದರು’ ಎನ್ನುವುದು ಸರಿಯೇ?

ಕಪ್ಪುಬಿಳುಪು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿನಿಂದ ಪ್ರತಿ ಭಾನುವಾರ ರಾತ್ರಿ ಅಮ್ಮನನ್ನು ಜೊತೆಯಲ್ಲಿ ಕೂರಿಸಿಕೊಂಡು ಹಾಲಿವುಡ್ ನಟಿ ಬಾರ್ಬರಾ ಸ್ಟಾನ್‌ವಿಕ್ ಅವರ ಹಳೆಯ ಚಿತ್ರಗಳನ್ನು ನೋಡುತ್ತಿದ್ದೇನೆ. ಅಮ್ಮನಿಗೆ ಇಂಗ್ಲಿಷ್ ಬಾರದ ಕಾರಣ ಮಾತುಗಳ ತಾತ್ಪರ್ಯವನ್ನು ನಾನು ನಡುನಡುವೆ ಹೇಳುತ್ತಿರುತ್ತೇನೆ. 1937ರ ‘ಸ್ಟೆಲ್ಲಾ ಡಲ್ಲಾಸ್’ ಚಿತ್ರದ ಕೊನೆಗೆ, ಮಗಳ ಮದುವೆಯನ್ನು ತಾಯಿಯಾದವಳು ಬೀದಿಯಲ್ಲಿ ಮಳೆಗೆ ನೆನೆಯುತ್ತ, ಕಿಟಕಿಯಾಚೆ ನಿಂತು ನೋಡುವ ದೃಶ್ಯ ಬಂದಾಗ ಅಮ್ಮ ಕೈಸನ್ನೆ ಮಾಡಿ ನನ್ನ ಬಾಯಿ ಮುಚ್ಚಿಸಿದರು. ಆ ದೃಶ್ಯಕ್ಕೆ ನನ್ನ ವಿವರಣೆ ಬೇಕಿರಲಿಲ್ಲ.

ಈಗ ನನ್ನ ಪ್ರಶ್ನೆ. ಸಿನಿಮಾ ಬಲ್ಲ ಬಂಧುವೊಬ್ಬರು, “ಆಕೆ ದೊಡ್ಡ ನಟಿಯೇ, ಆದರೆ ವಯಸ್ಸಾದ ಮೇಲೆ ಕಿರುತೆರೆಗೆ ಇಳಿದುಬಿಟ್ಟರು” ಎಂದರು. ಆ ಒಂದು ಕ್ರಿಯಾಪದ ಒಂದು ವಾರದಿಂದ ನನ್ನನ್ನು ಕಾಡುತ್ತಿದೆ. ನಮ್ಮಲ್ಲಿಯೂ ನಾಯಕಿಯಾಗಿದ್ದವರು ಧಾರಾವಾಹಿಯಲ್ಲಿ ತಾಯಿಯ ಪಾತ್ರ ಮಾಡಿದರೆ ಇದೇ ಪದವನ್ನು ಬಳಸುತ್ತೇವೆ. ಸ್ಟಾನ್‌ವಿಕ್ ಅವರಿಗೆ ಚಲನಚಿತ್ರದಲ್ಲಿ ನಾಲ್ಕು ಆಸ್ಕರ್ ನಾಮನಿರ್ದೇಶನಗಳಾದರೂ ಪ್ರಶಸ್ತಿ ಬರಲಿಲ್ಲ. ಕಿರುತೆರೆಯಲ್ಲಿ ಮೂರು ಎಮ್ಮಿ ಪ್ರಶಸ್ತಿಗಳು ಬಂದವು. ಹಾಗಿದ್ದರೆ ಇದನ್ನು ಇಳಿಕೆ ಎನ್ನುವುದು ಹೇಗೆ? ಬಲ್ಲವರು ತಿಳಿಸಬೇಕು.

ಕೊನೆಯಸಾಲು

ನನ್ನ ಅಭಿಪ್ರಾಯದಲ್ಲಿ ಆ ಪದ ಸರಿಯಾಗಿಯೇ ಇದೆ. 1957ರಲ್ಲಿ ‘ಫಾರ್ಟಿ ಗನ್ಸ್’ ತೆರೆಕಂಡ ಮೇಲೆ ಅವರ ಮುಂದಿನ ಚಿತ್ರ ‘ವಾಕ್ ಆನ್ ದ ವೈಲ್ಡ್ ಸೈಡ್’ ಬಂದದ್ದು 1962ರಲ್ಲಿ. ಐವತ್ತು ದಾಟಿದ ನಟಿಗಾಗಿ ಕಥೆ ಬರೆಯುವವರು ಹಾಲಿವುಡ್‌ನಲ್ಲಿ ವಿರಳವಾಗಿದ್ದರು, ಆದ್ದರಿಂದ ಅವರು ಕಿರುತೆರೆಗೆ ಹೋದರು. ಬೇರೆ ದಾರಿ ಕಾಣದೆ ಹೋಗುವುದನ್ನು ಇಳಿಯುವುದು ಎನ್ನದೆ ಮತ್ತೇನೆನ್ನಬೇಕು?

ಧಾರವಾಡದ ಮೇಷ್ಟ್ರು

ಬೇರೆ ದಾರಿ ಕಾಣದೆ ಹೋದರು ಎನ್ನುವುದಾದರೆ ಆ ಮಾತನ್ನು ಅವರ ಇಡೀ ಬದುಕಿಗೆ ಹೇಳಬೇಕಾಗುತ್ತದೆ. 1907ರ ಜುಲೈ 16ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದಾಗ ಅವರ ಹೆಸರು ರೂಬಿ ಕ್ಯಾಥರೀನ್ ಸ್ಟೀವನ್ಸ್. ಐದು ಮಕ್ಕಳಲ್ಲಿ ಕಡೆಯವರು. ನಾಲ್ಕು ವರ್ಷದವರಿದ್ದಾಗ, ಕುಡುಕನೊಬ್ಬ ತಳ್ಳಿದ್ದರಿಂದ ತಾಯಿ ಟ್ರಾಮಿನಿಂದ ಬಿದ್ದು, ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ ತೀರಿಕೊಂಡರು. ಅಂತ್ಯಕ್ರಿಯೆಯಾದ ಕೆಲವೇ ದಿನಗಳಲ್ಲಿ ತಂದೆ ಪನಾಮಾ ಕಾಲುವೆಯ ಕೆಲಸಕ್ಕೆಂದು ಹೊರಟುಹೋದವರು ಮತ್ತೆ ಮರಳಲಿಲ್ಲ. ರಂಗದ ಮೇಲೆ ಕುಣಿದು ಸಂಪಾದಿಸುತ್ತಿದ್ದ ಅಕ್ಕ ಮಿಲ್ಡ್ರೆಡ್ ಊರೂರು ತಿರುಗಬೇಕಾದಾಗ ಈ ಹುಡುಗಿಯೂ ಆಕೆಯ ಅಣ್ಣನೂ ಹಣ ಪಡೆದು ಸಾಕುವವರ ಮನೆಗಳಲ್ಲಿ ಬೆಳೆದರು.

ಹದಿನಾಲ್ಕರ ಆಸುಪಾಸಿನಲ್ಲಿ ಶಾಲೆ ಬಿಟ್ಟು ಅಂಗಡಿಯೊಂದರಲ್ಲಿ ಸಾಮಾನು ಕಟ್ಟುವ ಕೆಲಸ, ಆಮೇಲೆ ಟೆಲಿಫೋನ್ ಕಂಪನಿಯಲ್ಲಿ ಕಾಗದಪತ್ರ ಜೋಡಿಸುವ ಕೆಲಸ, ಬಳಿಕ ನೃತ್ಯತಂಡ. 1926ರಲ್ಲಿ ‘ದ ನೂಸ್’ ಎಂಬ ನಾಟಕದಲ್ಲಿ ಪಾತ್ರ ಸಿಕ್ಕಾಗ ನಾಟಕಕಾರ ವಿಲ್ಲರ್ಡ್ ಮ್ಯಾಕ್ ಹಳೆಯ ನಾಟಕವೊಂದರ ಕರಪತ್ರದಲ್ಲಿದ್ದ ಬಾರ್ಬರಾ ಎಂಬ ಪಾತ್ರದ ಹೆಸರನ್ನೂ ಸ್ಟಾನ್‌ವಿಕ್ ಎಂಬ ನಟಿಯ ಹೆಸರನ್ನೂ ಕೂಡಿಸಿ ಈ ಹೊಸ ಹೆಸರನ್ನಿಟ್ಟರು. ಹೀಗೆ ಬೆಳೆದವರಿಗೆ ನಟನೆ ಎಂದರೆ ಮೊದಲಿಗೆ ಊಟ, ಬಾಡಿಗೆ, ಮರುದಿನದ ಭರವಸೆ. ಕೆಲಸ ಇರುವ ಕಡೆಗೆ ನಡೆದು ಹೋಗುವವರ ನಡಿಗೆಯಲ್ಲಿ ಏರು ಇಳಿವುಗಳನ್ನು ಹುಡುಕುವವರು ದಡದಲ್ಲಿ ಕುಳಿತ ನಾವು ಮಾತ್ರ.

ಕೊನೆಯಸಾಲು

ಮೇಷ್ಟ್ರೇ, ಬಾಲ್ಯದ ಕಷ್ಟವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ 1944ರಲ್ಲಿ ಸುಮಾರು 4 ಲಕ್ಷ ಡಾಲರ್ ಗಳಿಸಿ, ಅಮೆರಿಕದಲ್ಲಿಯೇ ಅತಿ ಹೆಚ್ಚು ಸಂಪಾದನೆಯ ಮಹಿಳೆ ಎನಿಸಿಕೊಂಡವರನ್ನು ಊಟಕ್ಕಾಗಿ ದುಡಿದವರು ಎಂದು ಹೇಳುವುದು ಎಷ್ಟು ಸರಿ?

ಧಾರವಾಡದ ಮೇಷ್ಟ್ರು

ಹಸಿವು ತೀರಿದ ಮೇಲೂ ಹಸಿವಿನ ನೆನಪು ತೀರುವುದಿಲ್ಲ. ಅಷ್ಟು ಸಂಪಾದಿಸಿದ ಮೇಲೂ ಅವರು ಹೊತ್ತಿಗೆ ಮುಂಚೆ ಬಂದು, ತಮ್ಮ ಮಾತುಗಳನ್ನಷ್ಟೇ ಅಲ್ಲದೆ ಎದುರಿನವರ ಮಾತುಗಳನ್ನೂ ಕಂಠಪಾಠ ಮಾಡಿಕೊಂಡು ಸೆಟ್ಟಿನಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ನೆನಪಿಸಿಕೊಳ್ಳಿ.

ಮಲೆನಾಡಿನವಳು

1982ರಲ್ಲಿ ಅವರಿಗೆ ಆಸ್ಕರ್ ಬಂದಿತ್ತಲ್ಲವೇ? ವೇದಿಕೆಯಲ್ಲಿ ಪ್ರತಿಮೆಯನ್ನು ಹಿಡಿದಿರುವ ದೃಶ್ಯವನ್ನು ನಾನೇ ನೋಡಿದ್ದೇನೆ.

ಸಂಕಲನದ ಕೋಣೆ

ಅದು ಜೀವಮಾನದ ಸಾಧನೆಗಾಗಿ ನೀಡಿದ ಗೌರವ ಆಸ್ಕರ್, ಸ್ಪರ್ಧೆಯಲ್ಲಿ ಗೆದ್ದದ್ದಲ್ಲ. ನಾಲ್ಕು ನಾಮನಿರ್ದೇಶನಗಳ ಕಥೆ ಹೀಗಿದೆ: ‘ಸ್ಟೆಲ್ಲಾ ಡಲ್ಲಾಸ್’ಗೆ ಎದುರಾಗಿ ಲೂಯಿಸ್ ರೈನರ್, ‘ಬಾಲ್ ಆಫ್ ಫೈರ್’ಗೆ ಎದುರಾಗಿ ಜೋನ್ ಫಾಂಟೇನ್, ‘ಡಬಲ್ ಇಂಡೆಮ್ನಿಟಿ’ಗೆ ಎದುರಾಗಿ ಇಂಗ್ರಿಡ್ ಬರ್ಗ್‌ಮನ್, ‘ಸಾರಿ, ರಾಂಗ್ ನಂಬರ್’ಗೆ ಎದುರಾಗಿ ಜೇನ್ ವೈಮನ್ ಗೆದ್ದರು. ಈ ನಾಲ್ವರಲ್ಲಿ ಯಾರೂ ಕಳಪೆ ನಟಿಯರಲ್ಲ. ಆದರೂ ‘ಡಬಲ್ ಇಂಡೆಮ್ನಿಟಿ’ಯ ಫಿಲ್ಲಿಸ್ ಪಾತ್ರಕ್ಕೆ ಪ್ರಶಸ್ತಿ ಬರದಿದ್ದುದು ನನಗೆ ಇಂದಿಗೂ ನೋವು. ಏಳು ವಿಭಾಗಗಳಲ್ಲಿ ನಾಮನಿರ್ದೇಶನಗೊಂಡ ಆ ಚಿತ್ರ ಬರಿಗೈಯಲ್ಲಿ ಮರಳಿತು.

ಒಂದು ಕಾರಣವನ್ನು ನಾನು ಬಲವಾಗಿ ನಂಬುತ್ತೇನೆ. ಆ ಕಾಲದ ತಾರೆಯರಲ್ಲಿ ಹೆಚ್ಚಿನವರು ಒಂದೊಂದು ಸ್ಟುಡಿಯೊದ ದೀರ್ಘ ಕರಾರಿಗೆ ಕಟ್ಟುಬಿದ್ದಿದ್ದರು ಮತ್ತು ಆ ಸ್ಟುಡಿಯೊ ತನ್ನ ತಾರೆಯ ಪರವಾಗಿ ಪ್ರಚಾರ ನಡೆಸುತ್ತಿತ್ತು. ಸ್ಟಾನ್‌ವಿಕ್ ಕೊಲಂಬಿಯಾ, ವಾರ್ನರ್, ಆರ್‌ಕೆಒ, ಪ್ಯಾರಮೌಂಟ್ ಎಂದು ಓಡಾಡುತ್ತ ತಮಗೆ ಬೇಕಾದ ಪಾತ್ರಗಳನ್ನು ಆರಿಸಿಕೊಂಡರು. ಯಾರ ಮನೆಮಗಳೂ ಅಲ್ಲದವರಿಗಾಗಿ ಯಾರು ಪಟ್ಟುಹಿಡಿದು ನಿಲ್ಲುತ್ತಾರೆ?

ಮಲೆನಾಡಿನವಳು

ತಿದ್ದಿದ್ದಕ್ಕೆ ಧನ್ಯವಾದ. ಆದರೆ ಆ ಸಂಜೆ ಅವರ ಕಣ್ಣು ಏಕೆ ತುಂಬಿತ್ತು ಎಂಬುದನ್ನು ಯಾರಾದರೂ ಹೇಳಬಲ್ಲಿರಾ?

ಧಾರವಾಡದ ಮೇಷ್ಟ್ರು

ಅದಕ್ಕೆ 1939ರ ‘ಗೋಲ್ಡನ್ ಬಾಯ್’ ಚಿತ್ರಕ್ಕೆ ಹೋಗಬೇಕು. ವಿಲಿಯಂ ಹೋಲ್ಡನ್ ಆಗ ಇಪ್ಪತ್ತೊಂದರ ಹುಡುಗ, ಮೊದಲ ದೊಡ್ಡ ಪಾತ್ರ, ಕೈಕಾಲು ನಡುಕ. ಸ್ಟುಡಿಯೊದವರು ಅವರನ್ನು ತೆಗೆದುಹಾಕಲು ಹೊರಟಾಗ ಸ್ಟಾನ್‌ವಿಕ್ ತಡೆದರು. ಚಿತ್ರೀಕರಣ ಮುಗಿದ ಮೇಲೆ ತಾವೇ ಕುಳಿತು ಮರುದಿನದ ಮಾತುಗಳನ್ನು ಅವರಿಂದ ಹೇಳಿಸುತ್ತಿದ್ದರು. ಆ ಋಣವನ್ನು ಹೋಲ್ಡನ್ ಕೊನೆಯವರೆಗೆ ಮರೆಯಲಿಲ್ಲ. 1978ರ ಆಸ್ಕರ್ ಸಮಾರಂಭದಲ್ಲಿ ಇಬ್ಬರೂ ಪ್ರಶಸ್ತಿ ನೀಡಲು ವೇದಿಕೆಗೆ ಬಂದಾಗ, ಹೋಲ್ಡನ್ ಸಿದ್ಧಪಡಿಸಿದ ಮಾತನ್ನು ಬದಿಗಿಟ್ಟು, ತಮ್ಮ ವೃತ್ತಿಯನ್ನು ಉಳಿಸಿದವರು ಇವರೇ ಎಂದು ಲೋಕಕ್ಕೆಲ್ಲ ಕೇಳುವಂತೆ ಹೇಳಿದರು. 1981ರ ನವೆಂಬರಿನಲ್ಲಿ ಹೋಲ್ಡನ್ ತೀರಿಕೊಂಡರು. ಅದಾದ ಕೆಲವೇ ತಿಂಗಳಿಗೆ ಗೌರವ ಆಸ್ಕರ್ ಪಡೆಯುವಾಗ, ತಮಗೆ ಈ ಪ್ರತಿಮೆ ಸಿಗಬೇಕೆಂಬುದು ಹೋಲ್ಡನ್ ಅವರ ಬಯಕೆಯಾಗಿತ್ತು, ಅದು ಇಂದು ಈಡೇರಿತು ಎಂದು ಸ್ಟಾನ್‌ವಿಕ್ ತಮ್ಮ ಗೆಳೆಯನನ್ನು ನೆನೆದರು. ತಮ್ಮ ಸಂಭ್ರಮದ ಗಳಿಗೆಯನ್ನು ಅಗಲಿದ ಗೆಳೆಯನಿಗೆ ಕೊಟ್ಟುಬಿಟ್ಟರು.

ನೇರನುಡಿ

ಎಲ್ಲರೂ ಹೊಗಳುತ್ತಿದ್ದೀರಿ, ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. 1944ರಲ್ಲಿ ಸ್ಥಾಪನೆಯಾದ, ಕಮ್ಯುನಿಸ್ಟ್ ವಿರೋಧಿಗಳ ‘ಮೋಷನ್ ಪಿಕ್ಚರ್ ಅಲಯನ್ಸ್’ ಸಂಘದಲ್ಲಿ ಸ್ಟಾನ್‌ವಿಕ್ ಮತ್ತು ಅವರ ಆಗಿನ ಪತಿ ರಾಬರ್ಟ್ ಟೇಲರ್ ಇಬ್ಬರೂ ಇದ್ದರು. 1947ರಲ್ಲಿ ಹಾಲಿವುಡ್ಡಿನ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕನ್ ಸಂಸತ್ತಿನ ಸಮಿತಿಯ ಮುಂದೆ ಟೇಲರ್ ಸಮಿತಿಗೆ ಸಹಕರಿಸುವ ಸಾಕ್ಷಿಯಾಗಿ ಕುಳಿತು ಸಹೋದ್ಯೋಗಿಗಳ ಹೆಸರು ಹೇಳಿದರು. ಅಂಥ ವಿಚಾರಣೆಗಳಿಂದ ಎಷ್ಟೋ ಬರಹಗಾರರೂ ನಟರೂ ಕೆಲಸ ಕಳೆದುಕೊಂಡರು. ದುಡಿಮೆಯ ಬೆಲೆ ಬಲ್ಲವರು ಎಂದು ಮೇಷ್ಟ್ರು ಹೇಳುವ ನಟಿ, ಇತರರ ದುಡಿಮೆ ಹೋಗುತ್ತಿದ್ದಾಗ ಯಾವ ಪಕ್ಷದಲ್ಲಿದ್ದರು ಎಂಬುದನ್ನು ಬಿಟ್ಟು ಬರೆದರೆ ಅದು ಪೂರ್ಣ ಜೀವನಚರಿತ್ರೆಯಾಗುವುದಿಲ್ಲ.

ಸಂಕಲನದ ಕೋಣೆ

ನೇರನುಡಿಯವರು ಹೇಳಿದ್ದು ನಿಜ, ಅದನ್ನು ಮುಚ್ಚಿಡಬಾರದು. ಜೊತೆಗೆ ಇದನ್ನೂ ಸೇರಿಸಿಕೊಳ್ಳಿ. ‘ಗೋಲ್ಡನ್ ಬಾಯ್’ ಮತ್ತು ‘ಕ್ಲ್ಯಾಶ್ ಬೈ ನೈಟ್’ ಎರಡೂ ಎಡಪಂಥೀಯ ನಾಟಕಕಾರ ಕ್ಲಿಫರ್ಡ್ ಓಡೆಟ್ಸ್ ಅವರ ನಾಟಕಗಳಿಂದ ಬಂದವು. 1946ರ ‘ದ ಸ್ಟ್ರೇಂಜ್ ಲವ್ ಆಫ್ ಮಾರ್ಥಾ ಐವರ್ಸ್’ ಚಿತ್ರಕಥೆ ಬರೆದ ರಾಬರ್ಟ್ ರಾಸೆನ್ ಮುಂದೆ, ಯಾರೂ ಕೆಲಸ ಕೊಡಬಾರದವರ ಕಪ್ಪುಪಟ್ಟಿಗೆ ಸೇರಿದರು. ಆಕೆಯ ನಟನೆಗೆ ಒಳ್ಳೆಯ ಮಾತುಗಳನ್ನು ಕೊಟ್ಟವರಲ್ಲಿ, ಆಕೆಯ ರಾಜಕೀಯ ಯಾರನ್ನು ಶಂಕಿಸಿತೋ ಅವರೂ ಇದ್ದರು. ಇದು ಆಕೆಯನ್ನು ದೋಷದಿಂದ ಮುಕ್ತಗೊಳಿಸುವುದಿಲ್ಲ.

ನೇರನುಡಿ

ಒಪ್ಪಿದೆ. ಅಷ್ಟು ಹೇಳಿದರೆ ನನಗೆ ತೃಪ್ತಿ. ಮಗನ ವಿಷಯವನ್ನೂ ಯಾರೂ ಎತ್ತಲಿಲ್ಲ. 1932ರಲ್ಲಿ ಮೊದಲ ಪತಿ ಫ್ರ್ಯಾಂಕ್ ಫೇ ಅವರೊಂದಿಗೆ ದತ್ತು ಪಡೆದ ಹುಡುಗ ವಸತಿಶಾಲೆಗಳಲ್ಲಿ ಬೆಳೆದ. ದೊಡ್ಡವನಾದ ಮೇಲೆ ತಾಯಿಮಗನ ನಡುವೆ ಸಂಬಂಧವೇ ಉಳಿಯಲಿಲ್ಲ. ತೆರೆಯ ಮೇಲೆ ಮಗಳಿಗಾಗಿ ಮಳೆಯಲ್ಲಿ ನಿಂತ ತಾಯಿಯನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ.

ಕಪ್ಪುಬಿಳುಪು

ಈ ವಿಷಯ ನನಗೆ ತಿಳಿದಿರಲಿಲ್ಲ. ಓದಿ ಮನಸ್ಸು ಭಾರವಾಯಿತು. ತಾಯಿಯಿಲ್ಲದೆ ಬೆಳೆದವರಿಗೆ ತಾಯಿಯಾಗುವುದನ್ನು ಯಾರು ಕಲಿಸಬೇಕಿತ್ತು ಎಂದು ಕೇಳಬಹುದು. ಆದರೆ ಆ ಹುಡುಗನ ಪಾಲಿಗೆ ಆ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಇದನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.

ಸಂಕಲನದ ಕೋಣೆ

ಮೂಲ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ನನ್ನ ಕಸುಬಿನ ಕಡೆಯಿಂದ ಹೇಳಬೇಕಾದ ಒಂದು ಮುಖ್ಯ ಮಾತು ಉಳಿದಿದೆ. 1930ರ ‘ಲೇಡೀಸ್ ಆಫ್ ಲೆಶರ್’ ಚಿತ್ರದಲ್ಲಿ ಸ್ಟಾನ್‌ವಿಕ್ ಅವರನ್ನು ಮೊದಲ ಸಲ ನಿರ್ದೇಶಿಸಿದ ಫ್ರ್ಯಾಂಕ್ ಕ್ಯಾಪ್ರಾ ಒಂದು ಸಂಗತಿಯನ್ನು ಗುರುತಿಸಿದರು. ಈ ನಟಿ ತನ್ನ ಸರ್ವಸ್ವವನ್ನೂ ಮೊದಲ ಸಲವೇ ಸುರಿದುಬಿಡುತ್ತಾಳೆ. ಅದೇ ದೃಶ್ಯವನ್ನು ಎರಡನೆಯ, ಮೂರನೆಯ ಸಲ ಮಾಡಿಸಿದರೆ ಕಾವು ಆರುತ್ತದೆ. ಬೇರೆ ನಿರ್ದೇಶಕರಾದರೆ ನಟಿಯನ್ನು ಬದಲಾಯಿಸಲು ನೋಡುತ್ತಿದ್ದರೇನೋ. ಕ್ಯಾಪ್ರಾ ತಮ್ಮ ಕ್ರಮವನ್ನೇ ಬದಲಾಯಿಸಿದರು. ಉಳಿದ ನಟರಿಗೆ ಆಕೆಯಿಲ್ಲದೆ ತಾಲೀಮು ಮಾಡಿಸಿ, ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳನ್ನಿಟ್ಟು, ದೂರದ ಚಿತ್ರಿಕೆಯನ್ನೂ ಮುಖದ ಕ್ಲೋಸಪ್ಪನ್ನೂ ಆ ಒಂದೇ ಸಲದಲ್ಲಿ ಹಿಡಿದರು.

ಸಂಕಲನ ಮಾಡುವವರಿಗೆ ಇದರ ಬೆಲೆ ತಿಳಿಯುತ್ತದೆ. ಬೇರೆ ಬೇರೆ ಸಲ ತೆಗೆದ ಚಿತ್ರಿಕೆಗಳನ್ನು ಜೋಡಿಸುವಾಗ ಕಣ್ಣಿನ ತೇವ, ಉಸಿರಿನ ವೇಗ, ದನಿಯ ಏರಿಳಿತ ಒಂದಕ್ಕೊಂದು ಹೊಂದುವುದಿಲ್ಲ, ನೋಡುಗನಿಗೆ ಕಾರಣ ತಿಳಿಯದಿದ್ದರೂ ಏನೋ ಮುರಿದಂತಾಗುತ್ತದೆ. ಅವರ ಆರಂಭದ ಚಿತ್ರಗಳ ಅಳುವಿನ ದೃಶ್ಯಗಳಲ್ಲಿ ಆ ಮುರಿತ ನನಗೆ ಕಾಣುವುದಿಲ್ಲ. ಈಗ ಕಿರುತೆರೆಯನ್ನು ಯೋಚಿಸಿ. ವಾರಕ್ಕೊಂದು ಸಂಚಿಕೆ, ಬಿಗಿಯಾದ ವೇಳಾಪಟ್ಟಿ, ಮತ್ತೆ ಮತ್ತೆ ಮಾಡಿ ನೋಡುವಷ್ಟು ಹೊತ್ತೂ ಇಲ್ಲ, ಹಣವೂ ಇಲ್ಲ. ಮೊದಲ ಸಲವೇ ಪೂರ್ತಿಯಾಗಿ ಕೊಡುವ ನಟಿಗೆ ಇದಕ್ಕಿಂತ ಒಗ್ಗುವ ಮಾಧ್ಯಮ ಯಾವುದು? ಕಿರುತೆರೆಗೆ ಬೇಕಾದ ಕಲೆಯನ್ನು ಅವರು ಕಿರುತೆರೆ ಮನೆಮನೆಗೆ ಬರುವ ಮೊದಲೇ ಕಲಿತಿದ್ದರು.

ಕೊನೆಯಸಾಲು

ಇದು ಒಳ್ಳೆಯ ವಾದ. ಆದರೆ 1960ರಲ್ಲಿ ಎನ್‌ಬಿಸಿಯಲ್ಲಿ ಆರಂಭವಾದ ‘ದ ಬಾರ್ಬರಾ ಸ್ಟಾನ್‌ವಿಕ್ ಶೋ’ ಒಂದೇ ವರ್ಷಕ್ಕೆ ನಿಂತುಹೋಯಿತು ಎಂಬುದನ್ನು ತಾವು ಹೇಳಲಿಲ್ಲ.

ಸಂಕಲನದ ಕೋಣೆ

ನಿಂತದ್ದು ನಿಜ. ವಾರಕ್ಕೊಂದು ಹೊಸ ಕಥೆಯ ಆ ಕಾರ್ಯಕ್ರಮಕ್ಕಾಗಿಯೇ 1961ರಲ್ಲಿ ಅವರಿಗೆ ಮೊದಲ ಎಮ್ಮಿ ಬಂದದ್ದೂ ನಿಜ.

ಹಳೇ ರೇಡಿಯೊ

ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದ ನನ್ನಂಥವರು ‘ಸಾರಿ, ರಾಂಗ್ ನಂಬರ್’ ಚಿತ್ರವನ್ನು ಒಮ್ಮೆ ಕಣ್ಣುಮುಚ್ಚಿ ಕೇಳಬೇಕು. ಅದು ಮೂಲತಃ ಲೂಸಿಲ್ ಫ್ಲೆಚರ್ ಬರೆದ ರೇಡಿಯೊ ನಾಟಕ. 1943ರಲ್ಲಿ ಅದನ್ನು ಆಗ್ನೆಸ್ ಮೂರ್‌ಹೆಡ್ ದನಿಯಲ್ಲಿ ನಿಲ್ಲಿಸಿದ್ದರು. 1948ರ ಚಿತ್ರದಲ್ಲಿ ಹಾಸಿಗೆ ಬಿಟ್ಟೇಳಲಾಗದ ಹೆಂಗಸೊಬ್ಬಳು, ಕೈಯಲ್ಲಿ ಟೆಲಿಫೋನ್, ಮನೆಯಲ್ಲಿ ಯಾರೂ ಇಲ್ಲ. ಕೈಕಾಲಾಡಿಸುವ ಅವಕಾಶವೇ ಇಲ್ಲದ ಪಾತ್ರದಲ್ಲಿ ಸ್ಟಾನ್‌ವಿಕ್ ಮೊದಮೊದಲು ಸಿಡುಕಿನಿಂದ, ಆಮೇಲೆ ಸಂಶಯದಿಂದ, ಕೊನೆಗೆ ಪ್ರಾಣಭಯದಿಂದ ದನಿಯನ್ನು ಹಂತಹಂತವಾಗಿ ಏರಿಸುತ್ತಾರೆ. ಹದಿಹರೆಯದಲ್ಲಿ ಟೆಲಿಫೋನ್ ಕಂಪನಿಯ ಗುಮಾಸ್ತೆಯಾಗಿದ್ದವರು ಟೆಲಿಫೋನನ್ನೇ ನಂಬಿದ ಪಾತ್ರಕ್ಕೆ ನಾಮನಿರ್ದೇಶನಗೊಂಡದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಮಲೆನಾಡಿನವಳು

1933ರ ‘ಬೇಬಿ ಫೇಸ್’ ಚಿತ್ರದ ಬಗ್ಗೆ ಯಾರೂ ಬರೆಯದಿದ್ದುದು ಆಶ್ಚರ್ಯ. ಬಡ ಹುಡುಗಿಯೊಬ್ಬಳು ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಗಂಡಸರನ್ನೇ ಮೆಟ್ಟಿಲು ಮಾಡಿಕೊಂಡು ಮೇಲೇರುವ ಕಥೆಗೆ ಸೆನ್ಸಾರಿನವರು ಬೆಚ್ಚಿಬಿದ್ದು, ದೃಶ್ಯಗಳನ್ನು ಕತ್ತರಿಸಿ, ಮಾತುಗಳನ್ನು ಬದಲಾಯಿಸಿ, ಕೊನೆಯನ್ನೂ ಬೇರೆ ಮಾಡಿಸಿದರು. ಕತ್ತರಿ ಬೀಳದ ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿ ಸಿಕ್ಕಿದ್ದು 2004ರಲ್ಲಿ, ಅಂದರೆ ಎಪ್ಪತ್ತು ವರ್ಷಗಳ ಮೇಲೆ. ಅದರಲ್ಲಿ ಕಪ್ಪು ನಟಿ ಥೆರೆಸಾ ಹ್ಯಾರಿಸ್ ಅವರ ಪಾತ್ರವನ್ನು ಗಮನಿಸಿ. ಹೊರಗಿನವರಿಗೆ ಅವಳು ಕೆಲಸದಾಕೆ, ನಾಯಕಿಗೆ ಮಾತ್ರ ಊರು ಬಿಟ್ಟಾಗಿನಿಂದ ಜೊತೆಗಿರುವ ಗೆಳತಿ. ಅವಳನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗ ನಾಯಕಿ ಒಪ್ಪುವುದಿಲ್ಲ. 1933ರಲ್ಲಿ ಅದು ಸಣ್ಣ ಸಂಗತಿಯಲ್ಲ.

ಪಡುವಣಗಾಳಿ

ನಾನು ಲಾಸ್ ಏಂಜಲೀಸ್‌ನಲ್ಲಿರುವ ಕನ್ನಡಿಗ. ಚರ್ಚೆಯಲ್ಲಿ ‘ದ ಬಿಗ್ ವ್ಯಾಲಿ’ ಧಾರಾವಾಹಿಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಎಬಿಸಿ ವಾಹಿನಿಯಲ್ಲಿ 1965ರಿಂದ 1969ರವರೆಗೆ 112 ಸಂಚಿಕೆಗಳು ಪ್ರಸಾರವಾದವು. ಕಥೆ ನಡೆಯುವುದು 1870ರ ದಶಕದ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಬಳಿಯ ಬಯಲಿನಲ್ಲಿ. ವಿಕ್ಟೋರಿಯಾ ಬಾರ್ಕ್ಲಿ ಎಂಬ ವಿಧವೆ ದೊಡ್ಡ ಜಮೀನು, ದನಕರು, ಬೆಳೆದ ಮಕ್ಕಳು ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಸುತ್ತಾಳೆ. ಸತ್ತ ಗಂಡನಿಗೆ ಬೇರೊಬ್ಬಳಲ್ಲಿ ಹುಟ್ಟಿದ ಮಗ ಹೊಸ್ತಿಲಿಗೆ ಬಂದು ನಿಂತಾಗ ಅವಳು ಅವನನ್ನು ಅಟ್ಟುವುದಿಲ್ಲ, ತನ್ನ ಮಕ್ಕಳ ಸಾಲಿಗೇ ಸೇರಿಸಿಕೊಳ್ಳುತ್ತಾಳೆ. ಆ ಮಗನ ಪಾತ್ರ ಲೀ ಮೇಜರ್ಸ್ ಅವರದು.

ಅದಕ್ಕೂ ಮುಂಚೆ ಅಮೆರಿಕದ ಕೌಬಾಯ್ ಧಾರಾವಾಹಿಗಳಲ್ಲಿ ಮನೆತನದ ಯಜಮಾನ ಎಂದರೆ ಸಾಮಾನ್ಯವಾಗಿ ಗಂಡಸು. ತಾಯಿ ಅಡುಗೆಮನೆಯಲ್ಲಿ ಇರುತ್ತಿದ್ದಳು, ಇಲ್ಲವೇ ಗೋಡೆಯ ಮೇಲಿನ ಚಿತ್ರವಾಗಿರುತ್ತಿದ್ದಳು. ಸ್ಟಾನ್‌ವಿಕ್ ಕುದುರೆಯೇರಿ, ಚರ್ಮದ ಉಡುಪು ತೊಟ್ಟು, ಬಂದೂಕು ಹಿಡಿದು ಬಂದರು. ಬಿಳಿಯಾದ ಕೂದಲಿಗೆ ಬಣ್ಣ ಹಚ್ಚಲಿಲ್ಲ. ‘ಫಾರ್ಟಿ ಗನ್ಸ್’ನಲ್ಲಿ ಓಡುವ ಕುದುರೆಯ ರಿಕಾಪಿಗೆ ಕಾಲು ಸಿಕ್ಕಿ ನೆಲದ ಮೇಲೆ ಎಳೆದೊಯ್ಯುವ ದೃಶ್ಯವನ್ನು, ಐವತ್ತರ ಅಂಚಿನಲ್ಲಿ, ಬದಲಿಯವರಿಲ್ಲದೆ ತಾವೇ ಮಾಡಿದವರಿಗೆ ಇದು ಸಹಜವಾಗಿತ್ತು. 1966ರಲ್ಲಿ ಎರಡನೆಯ ಎಮ್ಮಿ ಬಂತು. ಮಗಳ ಪಾತ್ರ ಮಾಡಿದ ಲಿಂಡಾ ಇವಾನ್ಸ್, ತಮ್ಮ ತಾಯಿ ತೀರಿಕೊಂಡ ಮೇಲೆ ಸ್ಟಾನ್‌ವಿಕ್ ಅವರೇ ತಮಗೆ ತಾಯಿಯ ಸ್ಥಾನದಲ್ಲಿ ನಿಂತರು ಎಂದು ಹೇಳಿಕೊಂಡಿದ್ದಾರೆ.

ನೇರನುಡಿ

ಹೆತ್ತವರಲ್ಲದಿದ್ದರೂ ಸೆಟ್ಟಿನಲ್ಲಿ ತಾಯಿಯಾದರು, ಮನೆಯಲ್ಲಿ ಆಗಲಾಗಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವರನ್ನು ನೋಡಬೇಕು ಎಂಬುದಷ್ಟೇ ನನ್ನ ಮಾತು. ‘ಬಿಗ್ ವ್ಯಾಲಿ’ ನೋಡಿಲ್ಲ, ಈಗ ನೋಡುತ್ತೇನೆ.

ಕೊನೆಯಸಾಲು

ಪಡುವಣಗಾಳಿಯವರ ಬರಹ ಓದಿದ ಮೇಲೆ ನನ್ನ ವಾದವನ್ನು ಸ್ವಲ್ಪ ಸಡಿಲಿಸುತ್ತೇನೆ. ಆ ವರ್ಷಗಳ ಚಿತ್ರಗಳ ಕಡೆ ನೋಡಿದರೆ, 1964ರ ‘ರೌಸ್ಟಬೌಟ್’ನಲ್ಲಿ ಅವರು ಎಲ್ವಿಸ್ ಪ್ರೀಸ್ಲಿಯ ಪಕ್ಕದಲ್ಲಿ ನಿಲ್ಲಬೇಕಾಯಿತು, ಅದೇ ವರ್ಷದ ‘ದ ನೈಟ್ ವಾಕರ್’ ಎಂಬ ಭಯಾನಕ ಚಿತ್ರದಲ್ಲಿ ವಿಚ್ಛೇದಿತ ಪತಿ ಟೇಲರ್ ಜೊತೆಗೇ ನಟಿಸಿದರು, ಅದೇ ಅವರ ಕಡೆಯ ಚಲನಚಿತ್ರವಾಯಿತು. ಆ ಎರಡು ಪಾತ್ರಗಳ ಮುಂದೆ ವಿಕ್ಟೋರಿಯಾ ಬಾರ್ಕ್ಲಿಯ ಪಾತ್ರ ಎಷ್ಟೋ ಪಾಲು ದೊಡ್ಡದು. ಇಳಿದದ್ದು ಹಾಲಿವುಡ್ ಅವರಿಗೆ ಕೊಟ್ಟ ಪಾತ್ರಗಳ ಮಟ್ಟ ಎಂದು ತಿದ್ದಿಕೊಳ್ಳುತ್ತೇನೆ. ಆದರೆ 1985ರ ‘ದ ಕೋಲ್ಬೀಸ್’ ಧಾರಾವಾಹಿಯನ್ನು ಮಾತ್ರ ನೀವು ಯಾರೂ ಸಮರ್ಥಿಸಲಾರಿರಿ.

ಧಾರವಾಡದ ಮೇಷ್ಟ್ರು

ಸಮರ್ಥಿಸುವುದಿಲ್ಲ, ಅವರೇ ಸಮರ್ಥಿಸಲಿಲ್ಲ. ಕಥೆ ಹಿಡಿಸದೆ ಒಂದು ವರ್ಷಕ್ಕೇ ಬಿಟ್ಟು ಹೊರಬಂದರು. ಆದರೆ ಅದಕ್ಕೆ ಎರಡು ವರ್ಷ ಮುಂಚಿನ ‘ದ ಥಾರ್ನ್ ಬರ್ಡ್ಸ್’ ಕಿರುಸರಣಿಯನ್ನು ನೋಡಿ. ಮೇರಿ ಕಾರ್ಸನ್ ಎಂಬ ಶ್ರೀಮಂತ ಮುದುಕಿ ಚಿಕ್ಕ ವಯಸ್ಸಿನ ಪಾದ್ರಿಯನ್ನು ಬಯಸುತ್ತಾಳೆ, ದೇಹ ಮುಪ್ಪಾದರೂ ಮನಸ್ಸಿನ ಆಸೆ ಮುಪ್ಪಾಗಲಿಲ್ಲ ಎಂದು ಅವನ ಮುಂದೆ ಕೋಪದಿಂದಲೂ ಅವಮಾನದಿಂದಲೂ ನುಡಿಯುತ್ತಾಳೆ. ಎಪ್ಪತ್ತೈದರ ನಟಿ ಆ ಮಾತುಗಳನ್ನು ಯಾವ ಸಂಕೋಚವೂ ಇಲ್ಲದೆ ಆಡಿದರು. ‘ಡಬಲ್ ಇಂಡೆಮ್ನಿಟಿ’ಯ ಪಾತ್ರಕ್ಕೆ ಅಳುಕಿದ್ದಾಗ, ನೀವು ಇಲಿಯೋ ನಟಿಯೋ ಎಂದು ಅದರ ನಿರ್ದೇಶಕ ಬಿಲ್ಲಿ ವೈಲ್ಡರ್ ಕೇಳಿದ್ದರಂತೆ. ಆ ಪ್ರಶ್ನೆಗೆ ನಾಲ್ಕು ದಶಕಗಳ ಮೇಲೂ ಅವರು ಉತ್ತರ ಕೊಡುತ್ತಲೇ ಇದ್ದರು ಎನಿಸುತ್ತದೆ. ‘ದ ಥಾರ್ನ್ ಬರ್ಡ್ಸ್’ಗೆ ಮೂರನೆಯ ಎಮ್ಮಿ ಬಂದಾಗ ವೇದಿಕೆಯ ಮೇಲೆ ನಿಂತು, ತಮ್ಮೊಡನೆ ಸ್ಪರ್ಧೆಯಲ್ಲಿದ್ದ ಆ್ಯನ್-ಮಾರ್ಗ್ರೆಟ್ ಅವರ ಅಭಿನಯವನ್ನು ಬಾಯ್ತುಂಬ ಹೊಗಳಿದರು.

ಮಲೆನಾಡಿನವಳು

ಅವರ ಸಮಾಧಿ ಎಲ್ಲಿದೆ? ಪಡುವಣಗಾಳಿಯವರೇ, ತಾವು ಹೋಗಿ ನೋಡಿದ್ದೀರಾ?

ಪಡುವಣಗಾಳಿ

ಸಮಾಧಿ ಇಲ್ಲ, ತಂಗಿ. 1990ರ ಜನವರಿ 20ರಂದು ಸಾಂಟಾ ಮೋನಿಕಾದಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಪ್ರದೇಶದಲ್ಲಿ ಆಕಾಶದಿಂದ ಚೆಲ್ಲಲಾಯಿತು. ಹೋದ ವರ್ಷ ನಾವು ಕುಟುಂಬದವರು 395ನೇ ಹೆದ್ದಾರಿಯಲ್ಲಿ ಕಾರಿನಲ್ಲಿ ಅಲ್ಲಿಗೆ ಹೋಗಿದ್ದೆವು. ಒಂದು ಕಡೆ ಸಿಯೆರಾ ನೆವಾಡಾ ಪರ್ವತಸಾಲು, ಅದರ ಬುಡದಲ್ಲಿ ಉರುಟುರುಟಾದ ಕಂದುಬಂಡೆಗಳ ಅಲಬಾಮಾ ಹಿಲ್ಸ್. ದಶಕಗಳ ಕಾಲ ಕೌಬಾಯ್ ಚಿತ್ರಗಳನ್ನು ಅಲ್ಲಿಯೇ ತೆಗೆದಿದ್ದಾರೆ. ಕಲ್ಲಿನ ಮೇಲೆ ಅವರ ಹೆಸರನ್ನು ಹುಡುಕಿಕೊಂಡು ಹೋದವನಿಗೆ ಅವರು ಕುದುರೆ ಓಡಿಸಿದ ನೆಲವೇ ಸಿಕ್ಕಿತು. ಸಂಜೆಯವರೆಗೆ ಅಲ್ಲಿಯೇ ಕುಳಿತಿದ್ದೆವು.

ಕಪ್ಪುಬಿಳುಪು

ಎಲ್ಲರಿಗೂ ಋಣಿಯಾಗಿದ್ದೇನೆ. ನಿನ್ನೆ ಭಾನುವಾರ, ‘ದ ಬಿಗ್ ವ್ಯಾಲಿ’ಯ ಮೊದಲ ಸಂಚಿಕೆಯನ್ನು ಹಾಕಿದೆ. ಯಾರ ಧಾರಾವಾಹಿ, ಯಾವ ಕಾಲದ್ದು ಎಂದು ಅಮ್ಮನಿಗೆ ಬೇಕೆಂದೇ ಹೇಳಲಿಲ್ಲ. ಬಿಳಿಕೂದಲಿನ ಹೆಂಗಸು ತೆರೆಯ ಮೇಲೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಇನ್ನೂ ಬಾಯಿ ತೆರೆದಿರಲಿಲ್ಲ, ಅಮ್ಮ ಮುಂದಕ್ಕೆ ಬಾಗಿ, “ಇವಳು ಮಳೆಯಲ್ಲಿ ನಿಂತಿದ್ದವಳಲ್ಲವೇ?” ಎಂದು ಕೇಳಿದರು. ಹೌದು ಎಂದೆ. “ಒಳಗೆ ಬಂದಳಲ್ಲ, ಸದ್ಯ” ಎಂದರು.

ಮಗನ ವಿಷಯವನ್ನು ಇನ್ನೂ ಹೇಳಿಲ್ಲ. ಎರಡನೆಯ ಸಂಚಿಕೆ ಮುಂದಿನ ಭಾನುವಾರಕ್ಕೆ.